ಬ್ಲೇಡ್ ತೆಗೆದು ಲಿಂಕ್ ಹಾಕಿಸೋಣ್ವಾ? ಪಿಕಪ್ ಪ್ರಿಯರೇ, ಮೊದಲು ಇದನ್ನು ಓದಿ

ಎತ್ತರಿಸಿದ ಪಿಕಪ್‌ನ ಹಿಂಬದಿ ಕುಲುಕಾಟಕ್ಕೆ ಲಿಂಕ್ ಸಸ್ಪೆನ್ಷನ್ ಮದ್ದು ಅನ್ನೋ ಮಾತು ಜೋರಾಗಿದೆ. ಮದ್ದು ನಿಜ. ಆದರೆ ಪಥ್ಯ ಏನು, ಅಡ್ಡಪರಿಣಾಮ ಏನು?

ಪಿಕಪ್ ಅಂದರೆ ಹಿಂದೆ ಟೊಮೆಟೊ ಕ್ರೇಟು, ಹೂವಿನ ಮೂಟೆ, ಸಿಮೆಂಟ್ ಚೀಲ ಅಂತಷ್ಟೇ ಇದ್ದ ಕಾಲ ಹೋಯಿತು. ಈಗ ಶನಿವಾರ ಬೆಳಗ್ಗೆ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಹೋದರೆ ಬಿಳಿ ನಂಬರ್ ಪ್ಲೇಟಿನ ಇಸುಝು ವಿ-ಕ್ರಾಸ್, ಟೊಯೊಟಾ ಹಿಲಕ್ಸ್‌ಗಳು ಕಾಣಿಸುತ್ತವೆ. ವಾರವಿಡೀ ಟೆಕ್ ಪಾರ್ಕಿನ ಬೇಸ್‌ಮೆಂಟಿನಲ್ಲಿ ನಿಂತ ಗಾಡಿ, ವಾರಾಂತ್ಯಕ್ಕೆ ಅಪ್ಪನ ತೋಟಕ್ಕೆ ಗೊಬ್ಬರ ಹೊರುತ್ತದೆ. ಬರುವಾಗ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಘಾಟಿ ಸುಬ್ರಹ್ಮಣ್ಯಕ್ಕೂ ಹೋಗಿಬರುತ್ತದೆ.

ಇವುಗಳಲ್ಲಿ ಕೆಲವು ಎರಡು ಮೂರು ಇಂಚು ‘ಲಿಫ್ಟ್’ ಆದ ಗಾಡಿಗಳು. ನೋಡೋಕೆ ಗತ್ತು. ಒಳಗೆ ಕೂತವರ ಕಥೆ ಮಾತ್ರ ಬೇರೆ. ಪ್ರತಿ ಹಂಪ್‌ಗೂ ಹಿಂಬದಿ ಮೇಲಕ್ಕೆಸೆಯುತ್ತದೆ, ಮಗು ನಿದ್ದೆಯಿಂದ ಎದ್ದು ಅಳುತ್ತದೆ, ಅಮ್ಮ ಸೊಂಟ ಹಿಡಿದುಕೊಂಡು ಇಳಿಯುತ್ತಾರೆ. ಆಗ ಯಾರೋ ಹೇಳುತ್ತಾರೆ: ‘ಹಿಂದಿನ ಬ್ಲೇಡ್ ಕಿತ್ತು ಫೋರ್-ಲಿಂಕ್, ಕಾಯಿಲ್ ಹಾಕಿಸಿಬಿಡಿ, ಕಾರ್ ಥರ ಓಡುತ್ತೆ.’

ಓಡುತ್ತಾ? ಓಡಬಹುದು. ಆದರೆ ಆ ಒಂದು ವಾಕ್ಯದಲ್ಲಿ ಎಂಜಿನಿಯರಿಂಗ್, ಕಾನೂನು, ವಿಮೆ, ಮನೆಯವರ ಜೀವ, ನಾಲ್ಕೂ ಅಡಗಿವೆ.

ಒಂದು ಪಟ್ಟಿ, ಮೂರು ಕೆಲಸ

ಗ್ಯಾರೇಜಿನಲ್ಲಿ ‘ಬ್ಲೇಡ್’ ಅನ್ನುವ ಲೀಫ್ ಸ್ಪ್ರಿಂಗ್ ಹೊಸದೇನಲ್ಲ. ಹಳೇ ಜಟಕಾ ಗಾಡಿಯ ಕೆಳಗೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿದ್ದವಲ್ಲ, ಅದೇ ವಂಶ. ಒಂದರ ಕೆಳಗೊಂದು ಪಟ್ಟಿ ಜೋಡಿಸಿ, ನಡುವೆ ಆಕ್ಸಲ್‌ಗೆ ಯು-ಬೋಲ್ಟ್ ಬಿಗಿದು, ಮುಂದಿನ ತುದಿಯನ್ನು ಚಾಸಿಗೆ ನೇರವಾಗಿ, ಹಿಂದಿನ ತುದಿಯನ್ನು ತೂಗಾಡುವ ‘ಶ್ಯಾಕಲ್’ ಮೂಲಕ ಸಿಕ್ಕಿಸುತ್ತಾರೆ. ಅಷ್ಟೇ.

ಈ ‘ಅಷ್ಟೇ’ಯಲ್ಲೇ ಅದರ ಜಾಣತನ ಇದೆ. ಪಟ್ಟಿ ಭಾರ ಹೊರುತ್ತದೆ. ಆಕ್ಸಲ್ ಹಿಂದೆ ಮುಂದೆ, ಅಕ್ಕಪಕ್ಕ ಸರಿಯದಂತೆ ಹಿಡಿದಿಡುತ್ತದೆ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಲುಕಾಟವನ್ನು ಒಂದಿಷ್ಟು ತಾನೇ ನುಂಗುತ್ತದೆ. ಭಾರವನ್ನು ಚಾಸಿಯ ಪ್ರತಿ ಬದಿಯಲ್ಲೂ ಎರಡು ಕಡೆ ಹಂಚಿಕೊಡುವುದು ಇನ್ನೊಂದು ಲಾಭ. ಅದಕ್ಕೇ ದಾಸನಪುರ ಎಪಿಎಂಸಿಗೆ ಈರುಳ್ಳಿ ತರುವ ಬೊಲೆರೊ ಪಿಕಪ್‌ನಿಂದ ಕ್ವಾರಿಯ ಟಿಪ್ಪರ್‌ವರೆಗೆ ಎಲ್ಲಕ್ಕೂ ಇದೇ ಬೇಕು. ಮುರಿದರೂ ಹೆದ್ದಾರಿ ಬದಿಯಲ್ಲೇ ಒಂದು ಪಟ್ಟಿ ಬದಲಾಯಿಸಿ ಮುಂದೆ ಹೋಗಬಹುದು.

ತೊಂದರೆ ಏನೆಂದರೆ, ಒಂದು ಟನ್ ಹೊರಲು ಮಾಡಿದ ಪಟ್ಟಿ ಖಾಲಿ ಗಾಡಿಗೆ ತುಂಬಾ ಬಿರುಸು. ಲೋಡ್ ಇದ್ದಾಗ ಹದವಾಗಿ ಹೋಗುವ ಪಿಕಪ್, ಖಾಲಿ ಬರುವಾಗ ಕುಣಿಯುವುದು ಇದಕ್ಕೇ. ನಾವು ವೀಕೆಂಡ್‌ನಲ್ಲಿ ಹೆಚ್ಚಾಗಿ ಓಡಿಸೋದು ಖಾಲಿ ಗಾಡಿಯನ್ನೇ.

ಲಿಫ್ಟ್ ಮಾಡಿದಾಗ ಏನು ಕೆಡುತ್ತದೆ

ಹಿಂಬದಿ ಎತ್ತರಿಸಲು ಅಗ್ಗದ ದಾರಿಗಳು ಮೂರು. ಆಕ್ಸಲ್ ಮತ್ತು ಪಟ್ಟಿಯ ನಡುವೆ ಬ್ಲಾಕ್ ಇಡುವುದು, ಹೆಚ್ಚುವರಿ ಪಟ್ಟಿ ಸೇರಿಸುವುದು, ಉದ್ದದ ಶ್ಯಾಕಲ್ ಹಾಕುವುದು.

ಬ್ಲಾಕ್ ಇಟ್ಟರೆ ಪಟ್ಟಿಗೂ ಆಕ್ಸಲ್‌ಗೂ ದೂರ ಹೆಚ್ಚುತ್ತದೆ. ಆಕ್ಸಿಲರೇಟರ್ ಒತ್ತಿದಾಗ, ಬ್ರೇಕ್ ಹಾಕಿದಾಗ ಆಕ್ಸಲ್ ತನ್ನ ಸುತ್ತ ತಾನೇ ತಿರುಚಿಕೊಳ್ಳಲು ನೋಡುತ್ತದೆ. ಬ್ಲಾಕ್ ಆ ತಿರುಚಾಟಕ್ಕೆ ಸನ್ನೆಗೋಲಾಗುತ್ತದೆ. ಪಟ್ಟಿ ‘ಎಸ್’ ಆಕಾರಕ್ಕೆ ಬಾಗಿ, ಮತ್ತೆ ಪಟ್ಟನೆ ನೆಟ್ಟಗಾಗುತ್ತದೆ. ಏರು ಹತ್ತುವಾಗ ಹಿಂದಿನ ಚಕ್ರ ಟಪಟಪ ಕುಪ್ಪಳಿಸಿದರೆ ಇದೇ ಕಾರಣ.

ಹೆಚ್ಚುವರಿ ಪಟ್ಟಿ ಸೇರಿಸಿದರೆ ಮೊದಲೇ ಬಿರುಸಾಗಿದ್ದದ್ದು ಇನ್ನೂ ಬಿರುಸು. ಶ್ಯಾಕಲ್ ಉದ್ದ ಮಾಡಿದರೆ ಆಕ್ಸಲ್‌ನ ಕೋನ ಬದಲಾಗಿ, ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್‌ಗಳು ಸೊಟ್ಟಗೆ ತಿರುಗುತ್ತವೆ. ಸ್ಪೀಡ್ ಏರಿದಾಗ ಸೀಟಿನ ಕೆಳಗೆ ಗುಂಯ್‌ಗುಡುವ ನಡುಕ ಬರುವುದು ಹೀಗೆ.

ಇನ್ನೊಂದು ಅಪಾಯದ ಬಗ್ಗೆ ಮಾತಾಡುವವರು ಕಡಿಮೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕು ಅನ್ನುವುದನ್ನು ನಿರ್ಧರಿಸುವ ವಾಲ್ವ್ ಒಂದಿರುತ್ತದೆ. ಚಾಸಿ ಮತ್ತು ಆಕ್ಸಲ್ ನಡುವಿನ ದೂರ ನೋಡಿ ಅದು ಲೋಡ್ ಇದೆಯೋ ಇಲ್ಲವೋ ಅಂತ ತಿಳಿಯುತ್ತದೆ. ಗಾಡಿ ಎತ್ತರಿಸಿದಿರಿ ಅಂದುಕೊಳ್ಳಿ. ವಾಲ್ವ್ ಪಾಲಿಗೆ ಗಾಡಿ ಯಾವಾಗಲೂ ಖಾಲಿ! ಹಿಂದೆ ಹತ್ತು ಚೀಲ ಗೊಬ್ಬರ ಇದ್ದರೂ ಹಿಂದಿನ ಬ್ರೇಕ್ ಖಾಲಿ ಗಾಡಿಯ ಲೆಕ್ಕದಲ್ಲೇ ಹಿಡಿಯುತ್ತದೆ. ವಾಲ್ವಿನ ಕೊಂಡಿಯನ್ನು ಮತ್ತೆ ಹೊಂದಿಸದೆ ಲಿಫ್ಟ್ ಮಾಡಿಸಿಕೊಂಡು ಬಂದ ಗಾಡಿ ತೋಟದಿಂದ ಮನೆಗೆ ಬರುವ ಇಳಿಜಾರಿನಲ್ಲಿ ನಿಮ್ಮನ್ನು ಕೈಬಿಡಬಹುದು.

ಲಿಂಕ್ ಅಂದರೆ ಏನು?

ಪಟ್ಟಿಗಳನ್ನು ತೆಗೆದರೆ ಆಕ್ಸಲ್ ಹಿಡಿಯುವವರೇ ಇಲ್ಲ. ಲೆಕ್ಕ ಹಾಕಿ. ಆಕ್ಸಲ್ ಆರು ಬಗೆಯಲ್ಲಿ ಅಲುಗಬಹುದು. ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ ಸರಿಯುವುದು ಮೂರು ಬಗೆ. ಈ ಮೂರೂ ದಿಕ್ಕಿನ ಸುತ್ತ ತಿರುಗುವುದು ಇನ್ನು ಮೂರು. ನಮಗೆ ಬೇಕಾದ್ದು ಎರಡೇ: ಚಕ್ರಗಳು ಒಟ್ಟಿಗೆ ಮೇಲೆ ಕೆಳಗೆ ಆಡಬೇಕು, ಒಂದು ಬದಿ ಮೇಲೆದ್ದಾಗ ಇನ್ನೊಂದು ಬದಿ ಕೆಳಗಿಳಿಯಬೇಕು. ಉಳಿದ ನಾಲ್ಕನ್ನು ತಡೆಯಲು ಕನಿಷ್ಠ ನಾಲ್ಕು ಕೋಲು ಬೇಕು. ಅದೇ ಫೋರ್-ಲಿಂಕ್.

ಮೇಲಿನ ಎರಡು ಕೋಲನ್ನು ‘ವಿ’ ಆಕಾರದಲ್ಲಿ ಓರೆ ಇಟ್ಟರೆ ಅವೇ ಅಕ್ಕಪಕ್ಕದ ಸರಿದಾಟವನ್ನೂ ತಡೆಯುತ್ತವೆ. ಉದ್ದಕ್ಕೆ ಮೂರೇ ಕೋಲು ಇಟ್ಟು, ಅಡ್ಡಲಾಗಿ ಒಂದು ‘ಪ್ಯಾನ್‌ಹಾರ್ಡ್ ರಾಡ್’ ಕೊಟ್ಟರೂ ನಡೆಯುತ್ತದೆ. ಈ ಅಡ್ಡಕೋಲಿಗೆ ಒಂದು ಚಟವಿದೆ. ಅದರ ತುದಿ ವೃತ್ತದ ಕಮಾನಿನಲ್ಲಿ ಚಲಿಸುವುದರಿಂದ ಸಸ್ಪೆನ್ಷನ್ ಆಡಿದಾಗ ಆಕ್ಸಲ್ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಗಾಡಿ ಎತ್ತರಿಸಿದಷ್ಟೂ ಕೋಲು ಓರೆಯಾಗಿ ಈ ಸರಿದಾಟ ಜಾಸ್ತಿ. ಅದನ್ನು ತಪ್ಪಿಸೋಕೆ ‘ವಾಟ್ಸ್ ಲಿಂಕೇಜ್’ ಇದೆ. 2022ರಲ್ಲಿ ಬಂದ ಮಹೀಂದ್ರ ಸ್ಕಾರ್ಪಿಯೊ-ಎನ್‌ನ ಹಿಂಬದಿಯಲ್ಲಿರುವುದು ಅದೇ.

ಹೀಗೆ ಆಕ್ಸಲ್ ಹಿಡಿಯುವ ಕೆಲಸ ಕೋಲುಗಳದ್ದು, ಭಾರ ಹೊರುವುದು ಕಾಯಿಲ್ ಸ್ಪ್ರಿಂಗಿನದ್ದು, ಕುಲುಕಾಟ ತಡೆಯುವುದು ಶಾಕ್ ಅಬ್ಸಾರ್ಬರಿನದ್ದು ಅಂತ ಕೆಲಸ ಹಂಚಿಕೆಯಾಗುತ್ತದೆ. ಒಂದೊಂದನ್ನೂ ಬೇರೆ ಬೇರೆಯಾಗಿ ಹದ ಮಾಡಬಹುದು. ಕಲ್ಲುಬಂಡೆಯ ದಾರಿಯಲ್ಲಿ ಒಂದು ಚಕ್ರ ಮೇಲೆ ಹತ್ತಿದರೂ ಇನ್ನೊಂದು ನೆಲ ಬಿಡುವುದಿಲ್ಲ. ಆಫ್-ರೋಡ್ ಮಂದಿಗೆ ಇದರ ಮೇಲೆ ಪ್ರೀತಿ ಬಂದಿರುವುದು ಸುಮ್ಮನೆ ಅಲ್ಲ.

ಕಂಪನಿಗಳೇ ಮಾಡಿ ತೋರಿಸಿವೆ

ಈ ಬದಲಾವಣೆ ನಮ್ಮ ಕಣ್ಣೆದುರೇ ಆಗಿದೆ. 2010ರ ಮಹೀಂದ್ರ ಥಾರ್‌ಗೆ ಹಿಂದೆ ಲೀಫ್ ಸ್ಪ್ರಿಂಗ್ ಇತ್ತು. 2020ರ ಹೊಸ ಥಾರ್‌ಗೆ ಮಲ್ಟಿಲಿಂಕ್, ಕಾಯಿಲ್ ಬಂತು. ಮಾರುತಿ ಜಿಪ್ಸಿಗೆ ನಾಲ್ಕೂ ಕಡೆ ಪಟ್ಟಿ. ಅದರ ಜಾಗಕ್ಕೆ 2023ರಲ್ಲಿ ಬಂದ ಜಿಮ್ನಿಗೆ ತ್ರೀ-ಲಿಂಕ್, ಕಾಯಿಲ್. ಎರಡನ್ನೂ ಓಡಿಸಿದವರಿಗೆ ವ್ಯತ್ಯಾಸ ಗೊತ್ತೇ ಇರುತ್ತೆ.

ಇನ್ನೂ ಹತ್ತಿರದ ಉದಾಹರಣೆ ಬಿಡದಿಯದ್ದು. ಟೊಯೊಟಾದ ಫಾರ್ಚುನರ್ ಮತ್ತು 2022ರಲ್ಲಿ ಭಾರತಕ್ಕೆ ಬಂದ ಹಿಲಕ್ಸ್ ಒಂದೇ ಬುನಾದಿಯ ಅಣ್ಣತಮ್ಮಂದಿರು, ಎರಡೂ ಬಿಡದಿಯಲ್ಲೇ ತಯಾರಾಗುತ್ತವೆ. ಏಳು ಜನರನ್ನು ಕೂರಿಸುವ ಫಾರ್ಚುನರ್‌ಗೆ ಹಿಂದೆ ಫೋರ್-ಲಿಂಕ್, ಕಾಯಿಲ್. ಸಾಮಾನು ಹೊರುವ ಹಿಲಕ್ಸ್‌ಗೆ ಲೀಫ್ ಸ್ಪ್ರಿಂಗ್. ಕಂಪನಿಗೆ ಲಿಂಕ್ ಮಾಡಲು ಬರದೆ ಹೀಗೆ ಮಾಡಿದ್ದಲ್ಲ. ಹೊರುವ ಕೆಲಸ ಬೇರೆ, ಅದಕ್ಕೇ ಸ್ಪ್ರಿಂಗ್ ಬೇರೆ.

ಹಾಗಂತ ಪಿಕಪ್‌ಗೆ ಕಾಯಿಲ್ ಆಗಿಬರುವುದೇ ಇಲ್ಲ ಅಂತಲೂ ಅಲ್ಲ. ಅಮೆರಿಕದ ರ‍್ಯಾಮ್ 1500 ಪಿಕಪ್ 2009ರ ಮಾಡೆಲ್‌ನಿಂದಲೇ ಹಿಂದೆ ಕಾಯಿಲ್ ಇಟ್ಟುಕೊಂಡಿದೆ. ಅದೇ ಕಂಪನಿ ಹೆಚ್ಚು ಭಾರ ಎಳೆಯುವ ರ‍್ಯಾಮ್ 3500ಕ್ಕೆ ಲೀಫ್ ಸ್ಪ್ರಿಂಗ್ ಬಿಟ್ಟಿಲ್ಲ.

ಲೀಫ್ ಅಂದರೆ ಹಳೇ ಕಾಲದ್ದು ಅಂತ ಮೂಗು ಮುರಿಯುವವರಿಗೆ ಹೊಸಕೋಟೆಯಲ್ಲೇ ಉತ್ತರ ಇದೆ. 2017ರಿಂದ ಅಲ್ಲಿ ಜೋಡಣೆಯಾಗುತ್ತಿರುವ ವೋಲ್ವೊ ಎಕ್ಸ್‌ಸಿ90 ಐಷಾರಾಮಿ ಕಾರಿನ ಹಿಂಬದಿ ವಿನ್ಯಾಸದಲ್ಲಿ, ಏರ್ ಸಸ್ಪೆನ್ಷನ್ ಇಲ್ಲದ ಮಾದರಿಗಳಿಗೆ, ಎರಡು ಚಕ್ರಗಳ ನಡುವೆ ಅಡ್ಡಲಾಗಿ ಕೂತಿರುವುದು ಒಂದು ಲೀಫ್ ಸ್ಪ್ರಿಂಗ್! ಅದು ಉಕ್ಕಿನದಲ್ಲ, ಗಾಜಿನ ನಾರು ಮತ್ತು ರಾಳ ಸೇರಿಸಿ ಮಾಡಿದ ಹಗುರ ಪಟ್ಟಿ. ಅಲ್ಲಿ ಪಟ್ಟಿ ಭಾರವನ್ನಷ್ಟೇ ಹೊರುತ್ತದೆ, ಚಕ್ರ ಹಿಡಿಯುವುದು ಲಿಂಕ್‌ಗಳ ಕೆಲಸ. ಪಟ್ಟಿಯೋ ಕಾಯಿಲೋ ಅನ್ನುವುದಕ್ಕಿಂತ ಯಾರಿಗೆ ಯಾವ ಕೆಲಸ ಕೊಟ್ಟಿದ್ದೇವೆ ಅನ್ನುವುದು ಮುಖ್ಯ.

ಕಂಪನಿಯ ಲಿಂಕ್ ಬೇರೆ, ಗ್ಯಾರೇಜಿನ ಲಿಂಕ್ ಬೇರೆ

ಹೊಸ ಥಾರ್ ಮಾಡುವಾಗ ಕಂಪನಿ ಹಳೇ ಚಾಸಿಗೆ ನಾಲ್ಕು ಕೋಲು ಬೆಸುಗೆ ಹಾಕಲಿಲ್ಲ, ಚಾಸಿಯನ್ನೇ ಹೊಸದಾಗಿ ಮಾಡಿತು. ಗ್ಯಾರೇಜಿನಲ್ಲಿ ಆಗುವುದು ಬೇರೆ. ಕಷ್ಟ ಎಲ್ಲೆಲ್ಲಿ ಅಂತ ನೋಡೋಣ.

ಮೊದಲನೆಯದು ಬೆಸುಗೆ. ಆಕ್ಸಲ್ ಹೌಸಿಂಗ್ ಮೇಲೆ ಬ್ರಾಕೆಟ್‌ಗಳನ್ನು ವೆಲ್ಡ್ ಮಾಡಬೇಕು. ಶಾಖಕ್ಕೆ ಹೌಸಿಂಗ್ ಕೂದಲೆಳೆಯಷ್ಟು ಬಾಗಿದರೂ ಬೇರಿಂಗ್ ಸವೆಯುತ್ತದೆ, ಆಯಿಲ್ ಸೀಲ್ ಸೋರುತ್ತದೆ. ಹಂತಹಂತವಾಗಿ, ಆರಿಸಿ ಆರಿಸಿ ಬೆಸುಗೆ ಹಾಕಿ, ಆಮೇಲೆ ನೇರ ಇದೆಯೇ ಅಂತ ಅಳೆಯುವ ತಾಳ್ಮೆ ಬೇಕು.

ಎರಡನೆಯದು ಭಾರ ಬೀಳುವ ಜಾಗ. ಲೀಫ್‌ಗಾಗಿ ಮಾಡಿದ ಚಾಸಿಗೆ ಕಾಯಿಲ್ ಕೂರಿಸಿದರೆ ಎರಡು ಕಡೆ ಹಂಚಿಹೋಗುತ್ತಿದ್ದ ಭಾರ ಒಂದೇ ಬಿಂದುವಿಗೆ ಬೀಳುತ್ತದೆ. ಅಲ್ಲಿ ಬಲ ಕೊಡದಿದ್ದರೆ ಬಿರುಕು ಬಿಡುವುದು ಆ ದಿನವೇ ಅಲ್ಲ. ಎಷ್ಟೋ ಸಾವಿರ ಹಂಪ್‌ ಆದ ಮೇಲೆ.

ಮೂರನೆಯದು ಸ್ಪ್ರಿಂಗಿನ ಆಯ್ಕೆ. ಇಲ್ಲೊಂದು ಸರಳ ಲೆಕ್ಕ. ಹಿಂದೆ 1000 ಕೆ.ಜಿ. ಹೇರಿದಿರಿ, ಅದೆಲ್ಲ ಹಿಂದಿನ ಆಕ್ಸಲ್ ಮೇಲೆ ಬಿತ್ತು ಅಂದುಕೊಳ್ಳಿ. ಒಂದೊಂದು ಬದಿಗೆ ಸುಮಾರು 5000 ನ್ಯೂಟನ್. ಮಿಲಿಮೀಟರಿಗೆ 100 ನ್ಯೂಟನ್ ಬಿರುಸಿನ ಪಟ್ಟಿಯಾದರೆ ಗಾಡಿ 50 ಮಿ.ಮೀ. ಕುಗ್ಗುತ್ತದೆ. ಖಾಲಿ ಓಡುವಾಗ ಹಾಯಾಗಿರಲಿ ಅಂತ 40 ನ್ಯೂಟನ್ನಿನ ಮೆತ್ತನೆ ಕಾಯಿಲ್ ಹಾಕಿದರೆ ಅದೇ ಭಾರಕ್ಕೆ 125 ಮಿ.ಮೀ., ಅಂದರೆ ಸುಮಾರು ಐದು ಇಂಚು. ನೀವು ಮಾಡಿಸಿದ ಮೂರು ಇಂಚು ಲಿಫ್ಟ್ ಹೋಗಿ, ಮೇಲೆ ಎರಡು ಇಂಚು ಸಾಲ! ಗಾಡಿಯ ಹಿಂಭಾಗ ರಬ್ಬರ್ ಸ್ಟಾಪರಿಗೆ ಬಡಿಯುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ನಾಲ್ಕನೆಯದು ವಾಲಾಟ. ಲೀಫ್ ಸ್ಪ್ರಿಂಗ್ ಚಕ್ರಗಳಿಗೆ ಹತ್ತಿರ, ಅಗಲವಾಗಿ ಕೂತಿರುತ್ತದೆ. ಗ್ಯಾರೇಜಿನಲ್ಲಿ ಜಾಗ ಸಿಕ್ಕ ಕಡೆ ಒಳಕ್ಕೆ ಇಟ್ಟ ಕಾಯಿಲ್, ತಿರುವಿನಲ್ಲಿ ಗಾಡಿ ವಾಲುವುದನ್ನು ಅಷ್ಟು ತಡೆಯುವುದಿಲ್ಲ. ಅದರ ಮೇಲೆ ಗಾಡಿಯೂ ಎತ್ತರ. ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಗಾಡಿ ಎಷ್ಟು ಸ್ಥಿರ ಅನ್ನುವ ಅಂದಾಜು ಸಿಗುತ್ತದೆ. ಅಗಲ 1560, ಎತ್ತರ 700 ಮಿ.ಮೀ. ಇದ್ದರೆ ಉತ್ತರ 1.11. ಲಿಫ್ಟ್‌ನಿಂದ ಎತ್ತರ 765 ಆದರೆ 1.02. ಈ ಸಂಖ್ಯೆ ಇಳಿದಷ್ಟೂ ಪಲ್ಟಿಯಾಗುವುದು ಸುಲಭ. ಸ್ಯಾಟಲೈಟ್ ರಿಂಗ್ ರೋಡಿನಲ್ಲಿ ನೂರರ ಹತ್ತಿರ ಹೋಗುವಾಗ ದಿಢೀರನೆ ನಾಯಿ ಅಡ್ಡ ಬಂತು, ಸ್ಟಿಯರಿಂಗ್ ತಿರುಗಿಸಿದಿರಿ. ಆಗ ಲೆಕ್ಕಕ್ಕೆ ಬರುವುದು ಈ ವ್ಯತ್ಯಾಸವೇ.

ಐದನೆಯದು ಕೀಲುಗಳು. ಲೋಹದ ಬಾಲ್ ಜಾಯಿಂಟ್ ಹಾಕಿದರೆ ಚಕ್ರ ಚೆನ್ನಾಗಿ ಆಡುತ್ತದೆ. ಆದರೆ ನಮ್ಮ ಕೆಂಪು ಮಣ್ಣಿನ ದೂಳಿಗೆ ಬೇಗ ಸವೆದು ಕಟಕಟ ಶುರು. ರಬ್ಬರ್ ಬುಷ್ ನಿಶ್ಶಬ್ದ, ಆಟ ಕಡಿಮೆ. ಎರಡು ಬದಿಯ ಕೋಲುಗಳ ಉದ್ದ ಸ್ವಲ್ಪ ಹೆಚ್ಚುಕಮ್ಮಿ ಆದರೂ ಗಾಡಿ ಏಡಿಯಂತೆ ಓರೆ ಓಡುತ್ತದೆ, ಟೈರು ಸವೆಯುತ್ತದೆ. ಇವೆಲ್ಲದರ ಜತೆ ಬ್ರೇಕ್ ಹೋಸ್, ಎಬಿಎಸ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್‌ಗಳಿಗೆ ಹೊಸ ಉದ್ದ, ಹೊಸ ದಾರಿ ಬೇಕು.

ಆರ್‌ಟಿಒ ಏನನ್ನುತ್ತದೆ?

ನಂಬರ್ ಪ್ಲೇಟಿನಲ್ಲಿ ದೇವನಹಳ್ಳಿಯ ಕೆಎ-43 ಇರಲಿ, ನೆಲಮಂಗಲದ ಕೆಎ-52 ಇರಲಿ, ನಿಯಮ ಒಂದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ, ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ.

ದಂಡ ಕಟ್ಟಿದರಾಯಿತು ಅನ್ನುವವರು ವಿಮೆಯ ಕಡೆ ನೋಡಿ. ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಸರ್ವೇಯರ್ ಕಣ್ಣಿಗೆ ಬಿದ್ದರೆ, ಕ್ಲೇಮ್ ತಿರಸ್ಕರಿಸಲು ಕಂಪನಿಗೆ ನೀವೇ ಕಾರಣ ಕೊಟ್ಟ ಹಾಗೆ. ಚಾಸಿಯ ಮೇಲಿನ ಬೆಸುಗೆ ಮುಚ್ಚಿಡುವ ವಸ್ತುವಲ್ಲ. ಹಳದಿ ಬೋರ್ಡ್ ಗಾಡಿಯಾದರೆ ಎಫ್‌ಸಿಗೆ ಹೋದಾಗಲೂ ಪ್ರಶ್ನೆ ಏಳುತ್ತದೆ.

ಅಂದಮೇಲೆ ಈ ಪರಿವರ್ತನೆ ಯಾರಿಗೆ? ಸಾರ್ವಜನಿಕ ರಸ್ತೆಗಿಳಿಯದೆ, ಟ್ರೈಲರ್ ಮೇಲೆ ಹೋಗಿ ಖಾಸಗಿ ಜಾಗದ ಆಫ್-ರೋಡ್ ಸ್ಪರ್ಧೆಯಲ್ಲಿ ಓಡುವ ಗಾಡಿಗೆ. ಅಂಥ ಗಾಡಿಗೆ ರೋಲ್ ಕೇಜ್ ಇರುತ್ತದೆ, ಹೆಲ್ಮೆಟ್ ಹಾಕಿದ ಚಾಲಕ ಇರುತ್ತಾನೆ. ಹಿಂದಿನ ಸೀಟಿನಲ್ಲಿ ಅಮ್ಮ, ಮಗು ಇರುವುದಿಲ್ಲ.

ಹಾಗಾದರೆ ಕುಲುಕಾಟಕ್ಕೆ ಏನು ಮಾಡೋಣ?

ಬ್ಲೇಡ್ ಕೀಳದೆಯೂ ಮಾಡಬಹುದಾದ್ದು ಸಾಕಷ್ಟಿದೆ.

• ಗಾಳಿ ನೋಡಿ. ಬಾಗಿಲ ಬಳಿಯ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿ ಖಾಲಿ ಮತ್ತು ಲೋಡ್‌ ಗಾಡಿಗೆ ಬೇರೆ ಬೇರೆ ಒತ್ತಡ ಕೊಟ್ಟಿದ್ದರೆ ಅದನ್ನು ಪಾಲಿಸಿ. ಲೋಡ್ ಹೇರಿದಾಗ ಹೊಡೆಸಿದ ಗಾಳಿಯಲ್ಲೇ ತಿಂಗಳುಗಟ್ಟಲೆ ಖಾಲಿ ಓಡಿಸುವುದು ಕುಲುಕಾಟಕ್ಕೆ ಒಂದು ಮುಖ್ಯ ಕಾರಣ.

• ಶ್ಯಾಕಲ್ ಬುಷ್ ಪರೀಕ್ಷಿಸಿ. ಬುಷ್ ಸವೆದಿದ್ದರೆ ಅಥವಾ ಪಿನ್ ತುಕ್ಕು ಹಿಡಿದಿದ್ದರೆ ಪಟ್ಟಿಗೆ ಹಿಗ್ಗಲು ಜಾಗವಿಲ್ಲದೆ ಗಾಡಿ ಕಲ್ಲಿನಂತಾಗುತ್ತದೆ. ಪಟ್ಟಿಗಳ ತುದಿಯ ಪ್ಯಾಡ್‌ಗಳನ್ನೂ ನೋಡಿಸಿ.

• ಶಾಕ್ ಅಬ್ಸಾರ್ಬರ್ ಸೋರುತ್ತಿದೆಯೇ ನೋಡಿ. ಲಿಫ್ಟ್ ಆದ ಗಾಡಿಯಲ್ಲಿ ಹಳೇ ಶಾಕ್ ಪೂರ್ತಿ ಚಾಚಿಕೊಂಡು ಕೊನೆಗೆ ತಗಲುತ್ತಿದ್ದರೆ ಆ ‘ಧಡ್’ ಸದ್ದು ಅಲ್ಲಿಂದಲೇ.

• ಲಿಫ್ಟ್ ಬ್ಲಾಕ್, ಹೆಚ್ಚುವರಿ ಪಟ್ಟಿ ತೆಗೆಸಿ ಕಂಪನಿಯ ಎತ್ತರಕ್ಕೆ ಮರಳಿ. ಕುಲುಕಾಟದ ಜತೆ ನಡುಕ, ಬ್ರೇಕಿನ ಗೊಂದಲ, ಕಾನೂನಿನ ತಲೆನೋವು ಎಲ್ಲ ಒಟ್ಟಿಗೆ ಇಳಿಯುತ್ತವೆ.

• ಕೆಸರಿನಲ್ಲಿ ಹೂತುಕೊಳ್ಳುವುದೇ ಚಿಂತೆಯಾದರೆ ಎತ್ತರಕ್ಕಿಂತ ಡಿಫರೆನ್ಷಿಯಲ್ ಲಾಕ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಿಲಕ್ಸ್‌ಗೆ ಅದು ಕಂಪನಿಯಿಂದಲೇ ಬರುತ್ತದೆ.

• ಇನ್ನೂ ಗಾಡಿ ಕೊಂಡಿಲ್ಲವೇ? ವರ್ಷದಲ್ಲಿ ಎಷ್ಟು ದಿನ ಲೋಡ್ ಹೇರುತ್ತೀರಿ ಅಂತ ಕೂತು ಎಣಿಸಿ. ಬೆರಳೆಣಿಕೆಯಷ್ಟಾದರೆ ಕಾಯಿಲ್ ಇರುವ ಎಸ್‌ಯುವಿ ಕೊಂಡು, ಗೊಬ್ಬರಕ್ಕೆ ಊರಿನ ಪಿಕಪ್ ಬಾಡಿಗೆಗೆ ಹಿಡಿಯುವುದೇ ಜಾಣತನ.

ನೀವು ಕೇಳಬಹುದಾದ ಮೂರು ಪ್ರಶ್ನೆ

ಬೋಲ್ಟ್ ಹಾಕಿ ಕೂರಿಸುವ ಲಿಂಕ್ ಕಿಟ್ ತಂದರೆ ವೆಲ್ಡಿಂಗ್ ಬೇಡ ಅಲ್ವಾ?
ಬೆಸುಗೆಯ ಅಪಾಯ ತಪ್ಪೀತು. ಚಾಸಿಯ ಮೇಲೆ ಭಾರ ಬೀಳುವ ಜಾಗ, ಬ್ರೇಕ್, ಕಾನೂನು, ವಿಮೆಯ ಪ್ರಶ್ನೆಗಳು ಹಾಗೇ ಉಳಿಯುತ್ತವೆ.

ಸೆಕೆಂಡ್ ಹ್ಯಾಂಡ್ ಪಿಕಪ್‌ನಲ್ಲಿ ಮೊದಲೇ ಇದನ್ನು ಮಾಡಿಸಿದ್ದರೆ?
ಕಾಯ್ದೆ ಹೊಣೆ ಹೊರಿಸುವುದು ಮಾಲೀಕರ ಮೇಲೆ. ಕೊಂಡ ದಿನದಿಂದ ಗಾಡಿ ನಿಮ್ಮದು, ತಕರಾರೂ ನಿಮ್ಮದು. ಕೆಳಗೆ ಬಗ್ಗಿ ನೋಡದೆ ಮುಂಗಡ ಕೊಡಬೇಡಿ.

ಹಿಂದೆ ಮರಳು ಮೂಟೆ ಇಟ್ಟರೆ ಹಾಯಾಗುತ್ತೆ ಅಂತಾರೆ, ನಿಜವೇ?
ನಿಜ. ಸ್ವಲ್ಪ ಭಾರ ಬಿದ್ದರೆ ಬಿರುಸು ಪಟ್ಟಿ ಮೆತ್ತಗೆ ಆಡುತ್ತದೆ. ಆದರೆ ಮೂಟೆಯನ್ನು ಆಕ್ಸಲ್ ಮೇಲೆಯೇ ಇಟ್ಟು, ಗಟ್ಟಿಯಾಗಿ ಕಟ್ಟಿ. ಕಟ್ಟದ ಮೂಟೆ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ.

ಕೊನೆಗೊಂದು ಮನೆಪಾಠ. ಈ ಭಾನುವಾರ ಒಂದು ಅಳತೆ ಟೇಪ್ ಹಿಡಿದು ಗಾಡಿಯ ಹಿಂದೆ ಕೂರಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಯಲ್ಲಿ ಬರೆದುಕೊಳ್ಳಿ. ಆಮೇಲೆ ನೀವು ಮಾಮೂಲಿ ಹೊರುವ ಲೋಡ್ ಹೇರಿ ಮತ್ತೆ ಅಳೆಯಿರಿ. ಎಡ ಬಲ ಸಮ ಇಲ್ಲದಿದ್ದರೆ ಪಟ್ಟಿ ಮುರಿದಿರಬಹುದು, ಕುಗ್ಗಿರಬಹುದು. ಗ್ಯಾರೇಜಿಗೆ ಹೋಗಿ ‘ಲಿಂಕ್ ಹಾಕಿ’ ಅನ್ನುವ ಮುಂಚೆ ಆ ಚೀಟಿ ತೋರಿಸಿ. ಒಂದು ಪಟ್ಟಿ, ಎರಡು ಬುಷ್‌ನಲ್ಲಿ ಮುಗಿಯುವ ಕೆಲಸಕ್ಕೆ ಚಾಸಿಯನ್ನೇ ಕೊಯ್ಯಿಸುವ ಅಗತ್ಯ ಬಾರದಿರಬಹುದು.